ಘಾಟು

ನಿನ್ನೆ ರಾತ್ರಿಯೇ ನೆನೆಹಾಕಿದೆ ಕಾಳು,
ಅವನು ಮಲಗಿದ ಮೇಲೆ, ಕಳ್ಳಿಯ ಹಾಗೆ.
ಅಮರಿಲ್ಲೋ ಊರಲ್ಲಿ ಚಿಲಿಗೆ ಕಾಳು ಹಾಕುವುದೆಂದರೆ
ಇಗರ್ಜಿಯೊಳಗೆ ಟೋಪಿ ತೆಗೆಯದೆ ಕೂತಂತೆ.
ಮೂವತ್ತೊಂದು ವರ್ಷ ಹಾಕಿರಲಿಲ್ಲ.

ಮಿಷಿಗನ್ನಿನವಳು ನಾನು.
ಅಪ್ಪನ ಹೊಲದ ತುಂಬ ಬೀನ್ಸು,
ಅಮ್ಮನ ಪಾತ್ರೆಯ ತುಂಬ ಬೀನ್ಸು.
ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಚಳಿಗಾಲ
ಅತ್ತೆ ಓಪಲ್ ನನ್ನ ಅಡುಗೆಯ ಮುಚ್ಚಳ ಎತ್ತಿ, ನೋಡಿ,
ಏನೂ ಅನ್ನದೆ ಮುಚ್ಚಿದಳು.
ಆ ಸದ್ದು ಇನ್ನೂ ಕಿವಿಯಲ್ಲಿದೆ.

ಎರಡು ವರ್ಷದ ಹಿಂದೆ ರಾಂಡಲ್‌ಗೆ ಜ್ವರ ಬಂತು, ಹೋಯಿತು.
ಹೋಗುವಾಗ
ಅವನ ವಾಸನೆಯನ್ನೆಲ್ಲ ಜೇಬಿಗಿಳಿಸಿಕೊಂಡು ಹೋಯಿತು.
ಕಾಫಿ ಬರೀ ಬಿಸಿನೀರು,
ಬ್ರೆಡ್ಡು ಹತ್ತಿ.
ಒಮ್ಮೆ ನನ್ನ ಕತ್ತಿನ ಹತ್ತಿರ ಮುಖವಿಟ್ಟು
ಬಹಳ ಹೊತ್ತು ಉಸಿರೆಳೆದ,
ಎಳೆದ,
ಆಮೇಲೆ ಎದ್ದು ಹೋಗಿ
ಗ್ಯಾರೇಜಿನ ದೀಪ ಹಾಕಿಕೊಂಡು ಕೂತ.

ಡಾಕ್ಟರನ್ನು ಕೇಳಿದೆ: ಏನಾದರೂ ಉಳಿದಿದೆಯೇ?
ಖಾರ, ಅಂದಳು ಆಕೆ.
ಖಾರ ರುಚಿಯಲ್ಲ, ನೋವು. ಅದರ ದಾರಿಯೇ ಬೇರೆ.

ಪಕ್ಕದ ಮನೆಯ ಇಬಾರ್ರಾ ಅಜ್ಜಿ ಡಬ್ಬಿ ತೆರೆದಳು:
ಒಣದ್ರಾಕ್ಷಿಯಂತೆ ಸುಕ್ಕಾದ ಆಂಚೋ,
ಕೆಂಪು ಮೊಳೆಯಂಥ ಆರ್ಬೋಲ್.
"ಇದು ಎರಡು ಸಾಕು, ಹುಡುಗಿ."
ಹುಡುಗಿಗೆ ಐವತ್ತೆಂಟು.
ಒಂಬತ್ತು ಎತ್ತಿಕೊಂಡೆ.

ಬೆಳಗಿನಿಂದ ಬಡಗಣ ಗಾಳಿ. ತಂತಿಬೇಲಿಗೆ
ಎಲ್ಲಿಂದಲೋ ಉರುಳಿ ಬಂದ ಮುಳ್ಳುಪೊದೆ ಸಿಕ್ಕಿ ಒದ್ದಾಡುತ್ತಿದೆ.
ದನದ ಭುಜದ ಮಾಂಸ, ಎರಡೂವರೆ ಪೌಂಡು,
ದಾಳದ ಗಾತ್ರದ ತುಂಡು.
ಅರೆದದ್ದಲ್ಲ; ಅಷ್ಟರ ಮಟ್ಟಿಗೆ ನಾನೂ ಟೆಕ್ಸಾಸಿನವಳೇ.
ಓಪಲ್‌ಳ ಬೀಡಿನ ಪಾತ್ರೆ. ಕೊಬ್ಬು ಕರಗಿ
ತುಂಡು ತಳ ಹಿಡಿಯಿತು.
ಮುಟ್ಟಬಾರದು. ಸಿಟ್ಟು ಮಾಡಿಕೊಂಡವರ ಹಾಗೆ
ತಾನಾಗಿ ಬಿಟ್ಟಾಗಲೇ ಮಗುಚಬೇಕು.
ಈರುಳ್ಳಿ. ಬೆಳ್ಳುಳ್ಳಿ. ಅಂಗೈಯಲ್ಲಿ ತಿಕ್ಕಿದ ಜೀರಿಗೆ.

ಇನ್ನೊಂದು ಒಲೆಯಲ್ಲಿ ಒಣಬಾಣಲೆ, ಮೆಣಸಿನಕಾಯಿ.
ಒಂದು ಗಳಿಗೆ ಹೆಚ್ಚಾಯಿತು.
ಎದ್ದಿತು ಘಾಟು.
ನಾನು ಸೀನಿದೆ, ನಾಯಿ ಸೀನಿತು,
ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ.
ಒಳಕೋಣೆಯಿಂದ ಕೆಮ್ಮು.
ಮತ್ತೆ ಕೆಮ್ಮು.
ಬಾಗಿಲಲ್ಲಿ ಅವನು, ಕಣ್ಣ ತುಂಬ ನೀರು:
"ಏನು ಸುಡ್ತಾ ಇದೀಯೇ, ಆರ್ಡಿತ್?"

ಈ ಮನೆಯಲ್ಲಿ ಅಡುಗೆಯಾಗುತ್ತಿದೆಯೆಂದು
ಯಾರೂ ಹೇಳದೆ ಅವನಿಗೆ ಗೊತ್ತಾಗಿ
ಎರಡು ವರ್ಷವಾಗಿತ್ತು.
ಘಾಟಿಗೆ ಮೂಗು ಬೇಡ, ಗಂಟಲು ಸಾಕು.
ಚಿಲಕ ಬಿಟ್ಟೆ.
ಕಿಟಕಿ ತೆರೆಯಲಿಲ್ಲ.

ಮೂರು ತಾಸು ಸಣ್ಣ ಉರಿ, ಗುಳುಗುಳು ಮಾತು.
ಅವನು ನಾಯಿಯನ್ನು ಕರೆದುಕೊಂಡು ಹೊರಹೋದಾಗ
ಬೇಯಿಸಿಟ್ಟ ಪಿಂಟೋ ಕಾಳು ಸುರಿದೆ.
ಎದೆ ಹೊಡೆದುಕೊಳ್ಳುತ್ತಿತ್ತು, ನಗು ಬರುತ್ತಿತ್ತು.

ಸಂಜೆ. ಮೊದಲ ತುತ್ತಿಗೇ ಅವನ ಬೋಳುನೆತ್ತಿಯಲ್ಲಿ ಬೆವರು.
ಕೆಲಸ ಬಿಟ್ಟ ಮೂಗು ಸುರಿಯತೊಡಗಿತು.
"ಹಾ," ಅಂದ. ಇನ್ನೊಂದು ತುತ್ತು. "ಹಾ."
ಆಮೇಲೆ ನಾಲಿಗೆ ನಿಂತಿತು.
"ಇದರಲ್ಲಿ ಕಾಳಿದೆ."
"ಇದೆ."
ಗಾಳಿ ಬಾಗಿಲು ತಟ್ಟಿ ಹೋಯಿತು.
ಒಂದು ಕಾಳನ್ನು ತಟ್ಟೆಯಂಚಿಗೆ ತಂದು ನೋಡಿದ,
ವರ್ಷಗಟ್ಟಲೆ ಮಾತು ಬಿಟ್ಟ ನೆಂಟನನ್ನು
ಸಂತೆಯಲ್ಲಿ ಕಂಡವನ ಹಾಗೆ.
"ಮೆತ್ತಗಿದೆ," ಅಂದ. "ಮೆತ್ತಗಿರೋದು ಗೊತ್ತಾಗುತ್ತೆ."
ಬಾಯಿಗೆ ಹಾಕಿಕೊಂಡ.

ನನಗೆ ಖಾರ ಆಗದು. ಎರಡು ಲೋಟ ಹಾಲು ಕುಡಿದೆ,
ಆದರೂ ತುಟಿಯ ಮೇಲೆ ಕೆಂಡ.
ಇಬ್ಬರೂ ಎದುರುಬದುರು ಅಳುತ್ತ ಉಂಡೆವು;
ಬೀದಿಯಿಂದ ಕಂಡವರು
ಯಾರೋ ಸತ್ತಿರಬೇಕು ಅಂದುಕೊಂಡಾರು.

ಅವನು ಎದ್ದು, ಎರಡನೇ ಸಲ ಬಡಿಸಿಕೊಂಡು ಬಂದ.
ಮುಚ್ಚಳ ಹಾಗೇ ತೆರೆದಿತ್ತು.