ಎರಡು ಮುಷ್ಟಿ ಖಾಲಿ

ಕಂಠಮಟ್ಟ ತುಂಬಬೇಡ, ಎರಡು ಮುಷ್ಟಿ ಖಾಲಿ ಬಿಡು:
ಬೊದೆಗಾದಲ್ಲಿ ನನ್ನ ಮೊದಲ ದಿನ
ಬಾಲ್ದೊಮೆರೊ ಆಡಿದ ಮೊದಲ ಮಾತು.
ತನ್ನ ಮುಷ್ಟಿಯನ್ನೇ ಒಂದರ ಮೇಲೊಂದಿಟ್ಟು
ಪೀಪಾಯಿಯ ಕಪ್ಪು ಹೊಟ್ಟೆಯ ಮೇಲೆ ಅಳೆದು ತೋರಿಸಿದ.

ಆ ಖಾಲಿಯಲ್ಲೇ ಹೂವು ಬರುವುದು.
ಹೂವೆಂದರೆ ಹೂವಲ್ಲ;
ಕಾಸಿ ಆರಿಸಿದ ಹಾಲಿನ ಕೆನೆಯ ಹಾಗೆ
ಸುಕ್ಕುಸುಕ್ಕಾಗಿ, ಬೂದುಬಿಳುಪಾಗಿ
ಕತ್ತಲಲ್ಲಿ ವೈನು ಹೊದ್ದುಕೊಳ್ಳುವ ಜೀವ.
ಅದಕ್ಕೆ ಉಸಿರು ಬೇಕು. ಸಾನ್‌ಲೂಕಾರಿನ ಪಡುಗಾಳಿ,
ನೀರು ಚಿಮುಕಿಸಿದ ಹಳದಿ ಮರಳು,
ಕಿಟಕಿಗೆ ಒದ್ದೆ ಹುಲ್ಲುಚಾಪೆ ಬೇಕು.
ಮೂಡಗಾಳಿ ಬೀಸಿತೋ, ಮೂರೇ ದಿನ,
ಮುನಿಸಿಕೊಂಡು ಮೂಲೆ ಸೇರುತ್ತದೆ.

ಎಷ್ಟು ವರ್ಷದ ವೈನು ಇದು? ಬಂದವರೆಲ್ಲ ಕೇಳುತ್ತಾರೆ.
ಕೆಳಸಾಲಿನಿಂದ ಒಂದು ಪಾಲು ತೆಗೆದರೆ
ಮೇಲಿನ ಸಾಲು ಅದನ್ನು ತುಂಬುತ್ತದೆ,
ಅದನ್ನು ಅದರ ಮೇಲಿನದು.
ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾದ ಹಾಗೆ.
ಮೊಸರಿಗೆ ಯಾರಾದರೂ ಜಾತಕ ಬರೆಯುತ್ತಾರೆಯೇ?

ಜನವರಿಯ ಜ್ವರ ಹೋಗುವಾಗ
ಬಾಲ್ದೊಮೆರೊನ ಮೂಗನ್ನೂ ಕರೆದುಕೊಂಡು ಹೋಯಿತು.
ಯಾರಿಗೂ ಹೇಳಲಿಲ್ಲ ಅವನು. ನನಗೂ.
ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ
ಕೊಳೆತ ಸೀಗಡಿಯ ಸಿಪ್ಪೆ ಸುಲಿದು
ಮುಖ ಸಿಂಡರಿಸದೆ ಬಾಯಿಗಿಟ್ಟ.
ನಾನು ತಟ್ಟೆ ಎಳೆದುಕೊಂಡೆ.
ಅವನು ನನ್ನನ್ನು ನೋಡಿದ.
ಮಾತು ಅಷ್ಟೇ.

ಅಂದಿನಿಂದ ನಾನೇ ಮೊದಲು ಮೂಸಬೇಕು.
ಉದ್ದ ಕೋಲಿನ ತುದಿಯ ಬೆಳ್ಳಿ ಬಟ್ಟಲು
ಕೆನೆ ಹರಿಯದಂತೆ ಇಳಿದು, ಏರಿ,
ಗ್ಲಾಸಿಗೆ ದಾರದಂತೆ ಸುರಿಯುತ್ತಿದ್ದರೆ
ಅವನ ಕಣ್ಣು ನನ್ನ ಹೊಳ್ಳೆಗಳ ಮೇಲೆ.
ಉಪ್ಪು, ಹಸಿ ಬಾದಾಮಿ, ನಾದಿಟ್ಟ ಹಿಟ್ಟು:
ನನ್ನ ಹುಬ್ಬು ಇಳಿದರೆ ಅವನ ಸೀಮೆಸುಣ್ಣ ಒಂದು ಓರೆಗೆರೆ ಎಳೆಯುತ್ತಿತ್ತು.
ದಪ್ಪ, ಅಕ್ರೋಟು, ಬಿಸಿ: ಎರಡು.
ನನ್ನ ಮುಖ ಅವನ ಮೂಗಾಯಿತು.
ಒಡತಿ ದೊನ್ಯಾ ಲೆಯೊಕಾದಿಯಾ
ಹಿಂದೆ ನಿಂತು ಲೆಕ್ಕ ಬರೆದುಕೊಳ್ಳುತ್ತಿದ್ದಳು,
ಮೂವತ್ತು ವರ್ಷದ ಅನುಭವ ಎಂದು ಮೆಚ್ಚುತ್ತಿದ್ದಳು.

ಎಪ್ಪತ್ತೊಂದನೇ ಪೀಪಾಯಿಯ ಹೂವು ಸತ್ತಿತ್ತು.
ಯಾಕೆಂದು ಗೊತ್ತಿಲ್ಲ. ಅಕ್ಕಪಕ್ಕದವೆಲ್ಲ ನೆಟ್ಟಗಿದ್ದವು.
ಮೂಸಿದೆ. ಬೀಗ ಹಾಕಿದ ಕೋಣೆಯ ವಾಸನೆ, ಒಂದೆಳೆ ಹುಳಿ.
ವಿನೆಗರಿನವನಿಗೆ ಕೊಟ್ಟುಬಿಡೋಣ ಎಂದು
ಮುಖ ಗಂಟಿಕ್ಕಿದೆ, ಅವನಿಗೆ ಕಾಣುವಷ್ಟು.

ಅವನು ನೋಡಲಿಲ್ಲ.
ಒಂದು ಗುಟುಕು ಬಾಯಿಗೆ ಹಾಕಿಕೊಂಡು
ಕಣ್ಣು ಮುಚ್ಚಿ ನಿಂತ. ನಾಲಗೆಗೆ ಇನ್ನೂ
ಉಪ್ಪು ಗೊತ್ತಿತ್ತು, ಕಹಿ ಗೊತ್ತಿತ್ತು,
ನೀರಿಗಿಂತ ಎಷ್ಟು ಭಾರ ಎಂಬುದು ಗೊತ್ತಿತ್ತು.
ಗೆರೆ ಎಳೆದ. ಆಮೇಲೆ ಅದರ ಮೇಲೆ
ಇನ್ನೊಂದು ಗೆರೆ, ಅಡ್ಡಕ್ಕೆ. ಕಡಿದ ಕೋಲು.
ದಾರಿ ಬಿಟ್ಟಿದೆ, ಕೆಟ್ಟಿಲ್ಲ, ಎಂದ.
ಒಂದಿಷ್ಟು ಸ್ಪಿರಿಟ್ ಬೆರೆಸಿ
ಹಾಗೇ ಬಿಡು ಚಾರೊ, ಅದರ ಪಾಡಿಗೆ.

ಒಂಬತ್ತು ವರ್ಷ.
ಸೀಮೆಸುಣ್ಣ ಈಗ ನನ್ನ ಜೇಬಿನಲ್ಲಿ.
ನಿನ್ನೆ ಎಪ್ಪತ್ತೊಂದರಿಂದ ಒಂದು ಪುಟ್ಟ ಸೀಸೆ ತುಂಬಿಕೊಂಡು
ಚೌಕದ ಕಿತ್ತಳೆಮರದಡಿ ಡಾಮಿನೊ ಆಡುತ್ತಿದ್ದ ಅವನ ಬಳಿ ಹೋದೆ.
ಕಿತ್ತಳೆಯ ಒಣ ಸಿಪ್ಪೆ, ಎಂದೆ.
ಈಗಷ್ಟೇ ಆರಿದ ಮೇಣದಬತ್ತಿ.
ಜೀನಿನ ಚರ್ಮ. ಆಮೇಲೆ, ಆಮೇಲೆ...
ಪದ ಸಿಗದೆ ಸುಮ್ಮನಾದೆ.
ಉದ್ದ ಇದೆಯಾ? ಕೇಳಿದ.
ನುಂಗಿದೆ. ಕಾದೆ. ನದಿಯಾಚೆ ಹೊರಟ ದೋಣಿ
ಆ ದಡ ಮುಟ್ಟಿದರೂ ಬಾಯಲ್ಲಿ ಇನ್ನೂ ಇತ್ತು.
ಇದೆ, ಎಂದೆ.

ಅವನಿಗೂ ಸುರಿದುಕೊಟ್ಟೆ. ಗ್ಲಾಸು ನೋಡಿ ರೇಗಿದ:
ಅಂಚಿನವರೆಗೆ ತುಂಬಿದ್ದೀಯಲ್ಲ,
ನಾನು ನಿನಗೆ ಕಲಿಸಿದ್ದು ಇದೇನಾ?
ಅರ್ಧವನ್ನು ಪಕ್ಕದ ಕ್ರಿಸ್ಪುಲೊನ
ಕಾಫಿ ಕುಡಿದಿಟ್ಟ ಲೋಟಕ್ಕೆ ಬಗ್ಗಿಸಿದ.
ಹುಟ್ಟಿದಾಗಿನಿಂದ ಬರೀ ಬಿಯರ್ ಕುಡಿದ ಕ್ರಿಸ್ಪುಲೊ
ಒಂದೇ ಏಟಿಗೆ ಎತ್ತಿ, ತುಟಿ ಒರೆಸಿಕೊಂಡು
ಪರವಾಗಿಲ್ಲ ಎಂದು
ಜೋಡಿ ಆರು ಇಳಿಸಿದ.