ಡೆನ್ಸಿಟಿ ಬರೆಯುವ ಹೊತ್ತು

ಬೆಳಿಗ್ಗೆ ಆರಕ್ಕೆ ಕಾರಟಗಿಯ ಬಂಕಿನಲ್ಲಿ
ಗಾಜಿನ ಜಾಡಿಗೆ ಅರ್ಧ ಲೀಟರು ಹಿಡಿದು
ಹೈಡ್ರೋಮೀಟರ್ ಬಿಡುತ್ತೇನೆ.
ಅದು ಮುಳುಗಿ, ಎದ್ದು, ಎರಡು ಸಲ ತಲೆಯಾಡಿಸಿ
ನಿಲ್ಲುತ್ತದೆ.
ಓದಿದ್ದನ್ನು ಹದಿನೈದು ಡಿಗ್ರಿಗೆ ಇಳಿಸಿ ಬರೆಯಬೇಕು.
ಕಾರಟಗಿ ಹದಿನೈದು ಡಿಗ್ರಿ ಎಂದು ಕಂಡೀತು?
ನಮ್ಮ ರಿಜಿಸ್ಟರಿನಲ್ಲಿ ಮಾತ್ರ ದಿನಾ ಚಳಿ.

ಆಮೇಲೆ ಫಿಲ್ಟರ್ ಕಾಗದಕ್ಕೆ ಒಂದು ಹನಿ.
ಎರಡು ನಿಮಿಷದೊಳಗೆ ಕಲೆಯಿಲ್ಲದೆ ಹಾರಿಹೋಗಬೇಕು,
ಇಲ್ಲಿ ಯಾರೂ ಕೂತೇ ಇರಲಿಲ್ಲ ಅನ್ನುವಂತೆ.

ಗಂಗಾವತಿ ಕಾಲೇಜಿನಲ್ಲಿ, ನಾನು ಬಿಟ್ಟ ವರ್ಷ,
ಪೆಟ್ರೋಲಿನ ಸೂತ್ರ ಕೇಳಿದ್ದರು.
ಎಂಟು ಕಾರ್ಬನ್, ಹದಿನೆಂಟು ಹೈಡ್ರೋಜನ್ ಅಂತ ಬರೆದೆ.
ಖಾಜಾವಲಿ ಸರ್ ಕೆಂಪು ಗೀಟು ಎಳೆದು ಅಂದರು:
"ಅದು ಒಬ್ಬನ ಹೆಸರಲ್ಲವ್ವಾ, ಊರಿನ ಹೆಸರು."

ಊರೇ ಸರಿ. ಮುಚ್ಚಳ ತೆಗೆದ ಕೂಡಲೆ ಓಡುವ ಬ್ಯೂಟೇನ್,
ಮೂಗಿಗೆ ಮೊದಲು ಸುದ್ದಿ ಮುಟ್ಟಿಸುವ ಚಾಡಿಕೋರ.
ನೆಟ್ಟಗೆ ನಿಂತ ಹೆಪ್ಟೇನಿಗೆ ತಾಳ್ಮೆಯಿಲ್ಲ,
ಕಿಡಿ ಬರುವ ಮೊದಲೇ ಸಿಡಿದು ಎಂಜಿನ್ನಿನ ಎದೆ ಬಡಿಯುತ್ತದೆ.
ಕೊಂಬೆ ಒಡೆದ ಐಸೋಆಕ್ಟೇನ್ ತನ್ನ ಪಾಳಿಗೆ ಕಾಯುತ್ತದೆ.
ಆರು ಜನ ಕೈ ಬಿಡದೆ ಕೂತ ಬೆಂಜೀನ್:
ನೂರಕ್ಕೊಂದು ಪಾಲು ಮೀರಬಾರದಂತೆ.
ಆ ಒಂದೇ ಪಾಲು
ನನ್ನ ದುಪಟ್ಟಾ ಬಿಡುವುದಿಲ್ಲ.

ಈಗ ಹೊಸ ಬಾಡಿಗೆಯವರು ಬಂದಿದ್ದಾರೆ, ನೂರಕ್ಕೆ ಇಪ್ಪತ್ತು, ಎಥನಾಲ್.
ಅವರ ಗುರುತು ನನಗುಂಟು.
ಅವ್ವ ಮಿಲ್ಲಿನಲ್ಲಿ ಜರಡಿ ಹಿಡಿಯುತ್ತಾಳೆ,
ಇಡಿ ಅಕ್ಕಿ ಒಂದು ಕಡೆ, ನುಚ್ಚು ಒಂದು ಕಡೆ.
ನುಚ್ಚಿನ ಲಾರಿ ಎಲ್ಲೋ ಹೋಗಿ, ಹುಳಿತು, ಕುದ್ದು, ಹಬೆಯಾಗಿ,
ಟ್ಯಾಂಕರಿನಲ್ಲಿ ತಿರುಗಿ ಬರುತ್ತದೆ
ನನ್ನ ಪೈಪಿಗೆ.
"ನಾವು ಗಂಜಿ ಕಾಸೋದನ್ನ ಗಾಡಿ ಕುಡಿತೈತೇನು?"
ಅವ್ವ ಈಗಲೂ ನಂಬಿಲ್ಲ.

ಮೊನ್ನೆ ಮಳೆಗೆ ನೆಲದ ಟ್ಯಾಂಕಿಗೆ ನೀರು ಇಳಿಯಿತು.
ಹುಲಗಪ್ಪನ ಬೈಕು ಸಿದ್ದಾಪುರ ಮುಟ್ಟಲಿಲ್ಲ.
ನೂಕಿಕೊಂಡು ಬಂದು ಬೈದ,
ನನ್ನನ್ನು, ಮಾಲೀಕನನ್ನು, ಕಂಡಿರದ ನಮ್ಮಜ್ಜನನ್ನು.
ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿದೆ.
ಮೇಲೆ ತಿಳಿ, ಕೆಳಗೆ ಮಬ್ಬು, ನಡುವೆ ಒಂದು ಗೆರೆ.

ಪೆಟ್ರೋಲಿನ ಜೊತೆ ಇಷ್ಟು ದೂರ ಬಂದದ್ದು
ನೀರು ಕಂಡದ್ದೇ ಕೈ ಕೊಸರಿಕೊಂಡು ಇಳಿದಿತ್ತು.
ನಾಲ್ಕು ತಿಂಗಳು ಎಡದಂಡೆ ಕಾಲುವೆಯ ನೀರಿನಲ್ಲಿ
ಬುಡ ನೆನೆಸಿ ನಿಂತದ್ದಲ್ಲವೇ.

ಹುಲಗಪ್ಪ ಬೈಯುವುದು ನಿಲ್ಲಿಸಿ ಬಾಟಲಿ ನೋಡಿದ.
"ಭತ್ತಲ್ಲೇನವಾ," ಅಂದ, "ನೀರು ಬಿಟ್ಟು ಎಲ್ಲಿರತೈತಿ."
ಆಮೇಲೆ
ರೊಕ್ಕ ವಾಪಸು ಕೇಳಿದ.