ಯಾರ ಪೈಕಿ?

ಗದಗ ಎಪಿಎಂಸಿಯ ಪಟ್ಟಿಯಲ್ಲಿ ನಿನ್ನೆ ಸಂಜೆ
ನೀಲಕಂಠಪ್ಪ ಉಳ್ಳಾಗಡ್ಡಿ
ಕ್ವಿಂಟಲಿಗೆ ಹದಿನೆಂಟುನೂರರಂತೆ ಮಾರಿಹೋದರು.
ತಂದದ್ದು ಒಣಮೆಣಸಿನಕಾಯಿ, ಮೂರು ಚೀಲ.
ಹೋದದ್ದು ಅಡ್ಡಹೆಸರು.

ತಪ್ಪು ನನ್ನದೇ. ನಾನು ಪ್ರೋಗ್ರಾಮು ಬರೆಯುವ ಭಾಷೆ
ಬಾಗಿಲಿಗೆ ಬಂದವರನ್ನು ಏನೂ ಕೇಳುವುದಿಲ್ಲ,
ಕರೆದರೆ ಓ ಅಂದರಾಯಿತು, ಒಳಗೆ.
ನಲವತ್ತಕ್ಕೆ ಐದು ಕೂಡಿಸು ಅಂದರೆ
ಪಕ್ಕ ಪಕ್ಕ ಕೂಡ್ರಿಸುತ್ತದೆ,
ನಾನೂರಾ ಐದು ಅನ್ನುತ್ತದೆ, ನಗದೆ.

ಹಮಾಲರ ಚಹಾದಂಗಡಿ ಮುಚ್ಚಿದ ಮೇಲೂ ಕೂತು
ಒಬ್ಬ ಕಾವಲುಗಾರನನ್ನು ಬರೆದೆ.
ಮೊದಲ ಕರಡಿನಲ್ಲಿ ಅವ ಕೇಳುತ್ತಿದ್ದ:
ಯಾವ ವರ್ಗ? ಅಪ್ಪ ಯಾರು? ಅವನಪ್ಪ?
ಯಾರ ಪೈಕಿ?
ಓದುತ್ತ ಓದುತ್ತ ಬೆರಳು ನಿಂತವು.
ಬೆಟಗೇರಿಯಲ್ಲಿ ಬಾಡಿಗೆ ಮನೆ ಹುಡುಕುವಾಗ
ಹೊಸ್ತಿಲಾಚೆ ನಿಲ್ಲಿಸಿ ನನ್ನನ್ನು ಕೇಳಿದ್ದೂ
ಇದನ್ನೇ, ಇದೇ ಸಾಲಿನಲ್ಲಿ.

ಅಳಿಸಿದೆ. ಈಗ ಅವನಿಗೆ ಎರಡೇ ಮಾತು:
ತೂಕ ಹೇಳಬಲ್ಲೆಯಾ? ದರ ಹೇಳಬಲ್ಲೆಯಾ?
ಬಲ್ಲವರೆಲ್ಲ ತಕ್ಕಡಿಗೆ ನಡೀರಿ, ಯಾರ ಮಕ್ಕಳಾದರೇನು.
ಬಾರದವರಿಗೆ ಬಾಗಿಲಲ್ಲೇ ತಿಳಿಸು,
ಏನು ಬೇಕಿತ್ತು, ಏನು ಬಂತು, ಎಷ್ಟನೇ ಸಾಲಿನಲ್ಲಿ.
ಬೇರೆ ಕಡತದಲ್ಲಿಟ್ಟೆ,
ಓಣಿಯೆಲ್ಲ ಎರವಲು ಒಯ್ಯುವ ಸೇರಿನ ಹಾಗೆ.
ನಾಳೆ ಹಾವೇರಿಯವರು ಗೋವಿನಜೋಳಕ್ಕೆ ಬಳಸಲಿ,
ನರಗುಂದದವರು ಹೆಸರುಕಾಳಿಗೆ;
ಪ್ರಶ್ನೆ ಅವರವರೇ ತುಂಬಿಕೊಳ್ಳಲಿ.

ಬೆಳಿಗ್ಗೆ ಉಳ್ಳಾಗಡ್ಡಿಯವರ ಹೆಸರನ್ನೇ
ಬೇಕಂತಲೇ ತಕ್ಕಡಿಗೆ ಕಳಿಸಿ ನೋಡಿದೆ.
ಕೆಂಪಕ್ಷರ ಬಂತು: ಇದಕ್ಕೆ ದರವಿಲ್ಲ.
ಗಟ್ಟಿಯಾಗಿ ಓದಿಬಿಟ್ಟೆ.
“ಅದು ಖರೇನ ಬಿಡವಾ,” ಅಂದವರು
ಚೀಲದ ಮೇಲೇ ಕೂತು ಎಲೆಗೆ ಸುಣ್ಣ ಹಚ್ಚಿದರು.
ಅಲ್ಲ ಕಾಕಾ, ನಿಮಗಲ್ಲ, ಹೆಸರಿಗೆ
ಅನ್ನುವಷ್ಟರಲ್ಲಿ
ಮುಂದಿನ ರಾಶಿಯ ಲಿಲಾವು ಶುರುವಾಗಿತ್ತು.